ಬಾರ್ಶಿಯ ಜ್ವರ ಮತ್ತೆ ಬಂತೇ?

ಪ್ರಶ್ನೆ: ನಮ್ಮ ಮನೆ ಪಿಂಪ್ರಿಯಲ್ಲಿ. ಮಗನಿಗೆ ಹೋದ ವಾರ ಚಿಕುನ್‌ಗುನ್ಯಾ ಬಂದಿದೆ. ಅತ್ತೆಯ ತವರು ಸೋಲಾಪುರ ಜಿಲ್ಲೆಯ ಬಾರ್ಶಿ. 1973ರಲ್ಲಿ ಅಲ್ಲಿ ಮನೆಮನೆಗೂ ಹೀಗೇ ಬಂದಿತ್ತು, ತನಗೂ ಬಂದಿತ್ತು, ಆಮೇಲೆ ಎಷ್ಟೋ ವರ್ಷ ಅದರ ಹೆಸರೇ ಕೇಳಿಲ್ಲ ಎನ್ನುತ್ತಾರೆ. ಇಷ್ಟು ದಿನ ಎಲ್ಲಿತ್ತು ಇದು? ಅತ್ತೆಗೆ ಮತ್ತೆ ಬರಬಹುದಾ? ಮಗನನ್ನು ಮುಟ್ಟಿದರೆ ಅಂಟುತ್ತದಾ?

ಉತ್ತರ: ನಿಮ್ಮ ಅತ್ತೆಯ ನೆನಪು ಸರಿಯಾಗಿದೆ, ತಂಗಿ. ಬಾರ್ಶಿಯಲ್ಲಿ ಆಗ ಎದ್ದದ್ದು ಚಿಕುನ್‌ಗುನ್ಯಾವೇ. ಆಮೇಲೆ ಮೂವತ್ತು ವರ್ಷ ಅದು ನಮ್ಮ ದೇಶದಲ್ಲಿ ದೊಡ್ಡದಾಗಿ ಹಬ್ಬಲಿಲ್ಲ. 2005ರ ಕೊನೆಗೆ ತಿರುಗಿ ಬಂತು. 2006ರಲ್ಲಿ ಶಂಕಿತ ರೋಗಿಗಳೇ 13 ಲಕ್ಷ ದಾಟಿದರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕರ್ನಾಟಕದವರು.

ಅವರಲ್ಲಿ ನಮ್ಮ ಅವ್ವನೂ ಒಬ್ಬಳು, ವಿಜಯಪುರದಲ್ಲಿ. ಜ್ವರ ನಾಲ್ಕು ದಿನಕ್ಕೆ ಇಳಿಯಿತು. ಬೆರಳು ಮಾತ್ರ ಮೂರು ತಿಂಗಳು ಮಡಚಲು ಬರಲಿಲ್ಲ. ರೊಟ್ಟಿ ಬಡಿಯಲು ಕೂತವಳು ಹಿಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ಹಾಗೇ ಅತ್ತಳು. ಇದರಿಂದ ಸಾವು ಅಪರೂಪ, ನಿಜ. ಆದರೂ ಡಾಕ್ಟರಾಗಿ ನಾನು ಇದನ್ನು ಸಣ್ಣ ಜ್ವರ ಎಂದು ಯಾರಿಗೂ ಹೇಳುವುದಿಲ್ಲ.

ಎಲ್ಲಿತ್ತು ಎಂದು ಕೇಳಿದಿರಿ. ನಮ್ಮ ಪುಣೆಯ ಎನ್‌ಐವಿ (ರಾಷ್ಟ್ರೀಯ ವೈರಾಣು ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ಪರೀಕ್ಷಿಸಿದಾಗ ಹೊಸ ವೈರಸ್ ಆಫ್ರಿಕಾದ ಬಗೆಯದೆಂದು ತಿಳಿಯಿತು. ಬಾರ್ಶಿಯದು ಏಷ್ಯಾದ ಬಗೆ. ಅಂದರೆ ಈ ಸಲದ್ದು ಹೊರಗಿನಿಂದ ಬಂದದ್ದು. ಅಷ್ಟರಲ್ಲಿ, ಇದನ್ನು ತಡೆಯುವ ಶಕ್ತಿ ಮೈಯಲ್ಲಿಲ್ಲದ ಒಂದು ತಲೆಮಾರೇ ಬೆಳೆದಿತ್ತು. ಹರಡುವ ಈಡಿಸ್ ಸೊಳ್ಳೆ ಅಂತೂ ಎಲ್ಲೂ ಹೋಗಿರಲಿಲ್ಲ.

ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ, ಅತ್ತೆಗೆ ಧೈರ್ಯ ಹೇಳಿ. ಮುಟ್ಟಿದರೆ ಅಂಟುವುದಿಲ್ಲ. ಆದರೆ ಮೊದಲ ವಾರ ಮಗನನ್ನು ಕಚ್ಚಿದ ಸೊಳ್ಳೆ ಅದನ್ನು ನಿಮಗೆ ತಲುಪಿಸಬಹುದು. ಇದು ಹಗಲು ಕಚ್ಚುವ ಸೊಳ್ಳೆ, ಮಧ್ಯಾಹ್ನ ಮಲಗಿದಾಗಲೂ ಪರದೆ ಕಟ್ಟಿ. ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ನೋವಿಗೆ ಆಸ್ಪಿರಿನ್, ಐಬುಪ್ರೊಫೇನ್ ಬೇಡವೇ ಬೇಡ. ಡಾಕ್ಟರ್ ಹೇಳಿದಷ್ಟು ಪ್ಯಾರಾಸಿಟಮಾಲ್ ಕೊಡಿ, ನೀರು, ಗಂಜಿ ಚೆನ್ನಾಗಿ ಕುಡಿಸಿ.

ಬಾಲ್ಕನಿಯಲ್ಲಿ ನೀರಿನ ಡ್ರಮ್ ಇದೆ ಅಲ್ವಾ? ಟಾರ್ಚ್ ಹಿಡಿದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಒಳಬದಿ ನೋಡಿ. ಮಸಿಪುಡಿ ಅಂಟಿದಂತೆ ಕಪ್ಪು ಚುಕ್ಕಿ ಕಂಡರೆ ಅವು ಸೊಳ್ಳೆಯ ಮೊಟ್ಟೆ ಇರಬಹುದು. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ಮತ್ತೆ ನೀರು ಏರಿದರೆ ಮರಿಯಾಗುತ್ತವೆ. ಸುಮ್ನೆ ನೀರು ಚೆಲ್ಲಿದರೆ ಹೋಗುವುದಿಲ್ಲ. ವಾರಕ್ಕೊಮ್ಮೆ ತೆಂಗಿನ ನಾರಿನಿಂದ ಗಸಗಸ ತಿಕ್ಕಿ ತೊಳೆದು, ಬಾಯಿಗೆ ಬಟ್ಟೆ ಬಿಗಿದು ಕಟ್ಟಿ. ಫ್ರಿಜ್ ಹಿಂದೆ ನೀರು ನಿಲ್ಲುವ ತಟ್ಟೆಯನ್ನೂ ಇವತ್ತೇ ನೋಡಿ.