ಲ್ಯಾಪ್‌ಟಾಪಿನಲ್ಲಿ ಸರಿ, ಚಿಪ್‌ನಲ್ಲಿ ಯಾಕೆ ರಗಳೆ?

ಪ್ರಶ್ನೆ: ಆಲೂರಿನ ಕಾಫಿ ತೋಟಗಳಿಗಾಗಿ ಆನೆಯ ತಗ್ಗು ದನಿ ಹಿಡಿಯುವ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಸ್ಯಾಂಪ್ಲಿಂಗ್ 8000 ಹರ್ಟ್ಸ್ (ಸೆಕೆಂಡಿಗೆ 8000 ಅಳತೆ), 40 ಹರ್ಟ್ಸ್‌ಗಿಂತ ತಗ್ಗಿನ ದನಿಯನ್ನಷ್ಟೇ ಬಿಡುವ ಆರನೇ ಆರ್ಡರ್ ಐಐಆರ್ ಲೋಪಾಸ್ ಫಿಲ್ಟರ್ (ಅಂದರೆ ತನ್ನ ಹಳೆಯ ಔಟ್‌ಪುಟ್ಟನ್ನೇ ಫೀಡ್‌ಬ್ಯಾಕ್ ಆಗಿ ಮತ್ತೆ ಲೆಕ್ಕಕ್ಕೆ ಸೇರಿಸುವಂಥದ್ದು). ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದೆ. 16 ಬಿಟ್ ಚಿಪ್‌ಗೆ ಹಾಕಿದರೆ ಮೈಕ್ ಕಿತ್ತರೂ ಔಟ್‌ಪುಟ್ ನಿಲ್ಲುವುದಿಲ್ಲ. ಸೂತ್ರ ತಪ್ಪಾ ಸಾರ್?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ಸೂತ್ರ ಸರಿಯಾಗಿದೆಯಮ್ಮಾ. ಅದನ್ನು ಒಂದೇ ಉದ್ದ ಸಮೀಕರಣವಾಗಿ ಬರೆದಿದ್ದೀರಿ, ಅಲ್ವಾ? ಅಲ್ಲೇ ತೊಂದರೆ. 8000ದ ಮುಂದೆ 40 ತೀರಾ ಚಿಕ್ಕದು. ಹಾಗಾಗಿ ಆರೂ ಪೋಲ್‌ಗಳು (ಫಿಲ್ಟರ್ ಸ್ಥಿರವೋ ಅಲ್ಲವೋ ಎಂದು ತೋರಿಸುವ ಬಿಂದುಗಳು) 1ರ ಪಕ್ಕದಲ್ಲೇ ಒತ್ತಾಗಿ ಕೂರುತ್ತವೆ. ಸಮೀಕರಣದ ಗುಣಾಂಕಗಳಲ್ಲಿ ದೊಡ್ಡದು 20ರ ಹತ್ತಿರ ಹೋಗುತ್ತದೆ. ಚಿಹ್ನೆಗೆ 1 ಬಿಟ್, ಪೂರ್ಣಾಂಕಕ್ಕೆ 5 ಕೊಟ್ಟರೆ ದಶಮಾಂಶದ ಭಾಗಕ್ಕೆ ಉಳಿಯುವುದು 10 ಮಾತ್ರ. ಗುಣಾಂಕವನ್ನು ಅಷ್ಟು ದುಂಡಗೆ ಮಾಡಿದರೆ ಪೋಲ್ ತಾನು ಒಳಗೇ ಇರಬೇಕಾದ, ತ್ರಿಜ್ಯ 1ರ ವೃತ್ತದ ಆಚೆ ಜಾರುತ್ತದೆ. ಆಮೇಲೆ ಇನ್‌ಪುಟ್ ಇರಲಿ ಬಿಡಲಿ, ಫಿಲ್ಟರ್ ತಾನೇ ಕೂಗುತ್ತದೆ.

ಮೂರು ಎರಡನೇ ಆರ್ಡರ್ ತುಂಡು ಮಾಡಿ, ಒಂದರ ಹಿಂದೆ ಒಂದು ಜೋಡಿಸಿ. ಆಗ ಫೀಡ್‌ಬ್ಯಾಕ್ ಗುಣಾಂಕ 2 ದಾಟುವುದಿಲ್ಲ, ದಶಮಾಂಶದ ಭಾಗಕ್ಕೆ 14 ಬಿಟ್ ಉಳಿಯುತ್ತದೆ. ಪ್ರತಿ ತುಂಡನ್ನು ಬರೆಯಲು ಡೈರೆಕ್ಟ್ ಫಾರ್ಮ್ 1, ಡೈರೆಕ್ಟ್ ಫಾರ್ಮ್ 2 ಎಂಬ ರೀತಿಗಳಿವೆ. ಫಾರ್ಮ್ 2ರಲ್ಲಿ ಮೆಮೊರಿ ಅರ್ಧ ಸಾಕು, ನಿಜ. ಆದರೆ ಒಳಗಿನ ಮೌಲ್ಯ ಉಬ್ಬಿ, 16 ಬಿಟ್‌ನಲ್ಲಿ ಹಿಡಿಸದೆ ಓವರ್‌ಫ್ಲೋ ಆಗುತ್ತದೆ. ನಾನಾದರೆ ಫಾರ್ಮ್ 1 ಹಾಕುತ್ತೇನೆ.

ಇನ್ನೊಂದು ಮಾತು, 40 ಹರ್ಟ್ಸ್‌ಗೆ 8000 ಸ್ಯಾಂಪಲ್ ಸುಮ್ನೆ ದಂಡ. ಮೊದಲು ಎಫ್‌ಐಆರ್ ಎಂಬ ಇನ್ನೊಂದು ಬಗೆಯ ಫಿಲ್ಟರ್ ಹಾಕಿ, ಸೆಕೆಂಡಿಗೆ 250 ಸ್ಯಾಂಪಲ್‌ಗೆ ಇಳಿಸಿ. ಅದಕ್ಕೆ ಫೀಡ್‌ಬ್ಯಾಕ್ ಇಲ್ಲ, ಹೀಗೆ ಕೂಗುವುದೂ ಇಲ್ಲ. ಆನೆಯ ದನಿ 20 ಹರ್ಟ್ಸ್‌ಗಿಂತ ಕೆಳಗೂ ಹೋಗುತ್ತದೆ. ನಿಮ್ಮ ಮೈಕ್‌ಗೆ ಅಷ್ಟು ತಗ್ಗು ಕೇಳಿಸುತ್ತದಾ, ಡೇಟಾಶೀಟ್ ನೋಡಿ.