ಫೈಲ್ ನಿಮ್ಮದು, ತೆರೆಯುವ ಹಕ್ಕೂ ನಿಮ್ಮದಾಗಲಿ

ಓದುಗರೊಬ್ಬರ ಪತ್ರ: ವಿಂಡೋಸ್‌ಗೆ ಮಾಡಿದ ಸಾಫ್ಟ್‌ವೇರ್ ಲಿನಕ್ಸ್, ಮ್ಯಾಕ್‌ಗಳಲ್ಲೂ ನಡೆಯಲೇಬೇಕು ಅಂತ ಸರ್ಕಾರ ಕಾನೂನು ಮಾಡುವುದು ಅತಿಯಾಯಿತು. ಜನರಿಗೆ ಬೇಕಿದ್ದರೆ ಕಂಪನಿಗಳೇ ಮಾಡಿಕೊಡುತ್ತವೆ. ಮಾರುಕಟ್ಟೆಗೆ ಬಿಡಿ.

ಸಂಪಾದಕರ ಉತ್ತರ: ಒಂದು ಮಾತು ಒಪ್ಪುತ್ತೇನೆ. ಇಬ್ಬರು ಸೇರಿ ಮಾಡಿದ ಸಣ್ಣ ಆ್ಯಪ್ ಎಲ್ಲ ಕಡೆ ಓಡಬೇಕು ಅಂದರೆ ಅವರು ಕೆಲಸವನ್ನೇ ಕೈಬಿಡುತ್ತಾರೆ. ಆದರೆ ‘ಮಾರುಕಟ್ಟೆಗೆ ಬಿಡಿ’ ಅನ್ನುವ ಮುಂಚೆ ನೀವು ಸಾಂಬಾ ಕಥೆಯನ್ನು ಓದಬೇಕಿತ್ತು.

ವಿಂಡೋಸ್ ಕಂಪ್ಯೂಟರ್‌ಗಳ ಜೊತೆ ಬೇರೆ ಸಿಸ್ಟಂಗಳೂ ಫೈಲ್ ಹಂಚಿಕೊಳ್ಳಲಿ ಅಂತ ಹುಟ್ಟಿದ ಸಾಫ್ಟ್‌ವೇರ್ ಸಾಂಬಾ. ಎರಡು ಯಂತ್ರಗಳ ನಡುವೆ ಏನೇನು ಹರಿದಾಡುತ್ತದೆ ಅಂತ ನೋಡಿ ನೋಡಿಯೇ ಆ ತಂಡ ಕೋಡ್ ಬರೆಯಿತು. ಗೊತ್ತಿಲ್ಲದ ಭಾಷೆಯನ್ನು ಪಕ್ಕದ ಮೇಜಿನವರ ಮಾತು ಕೇಳಿಯೇ ಕಲಿತ ಹಾಗೆ! ಬೇಕಾದ ವಿವರ ಮೈಕ್ರೋಸಾಫ್ಟ್ ಹತ್ತಿರ ಇತ್ತು. ಮಾರುಕಟ್ಟೆ ಅದನ್ನು ಕೊಡಿಸಲಿಲ್ಲ. ಯುರೋಪಿಯನ್ ಕಮಿಷನ್ 2004ರಲ್ಲಿ 49.7 ಕೋಟಿ ಯೂರೋ ದಂಡ ಹಾಕಿ, ವಿವರ ಬಿಟ್ಟುಕೊಡಿ ಅಂದಿತು. ಕಂಪನಿ ಕೋರ್ಟಿಗೆ ಹೋಯಿತು, 2007ರಲ್ಲಿ ಸೋತಿತು. ಆ ವರ್ಷದ ಡಿಸೆಂಬರಿನಲ್ಲಿ 10,000 ಯೂರೋ ಕೊಟ್ಟ ಮೇಲೆ ದಾಖಲೆಗಳು ಸಾಂಬಾ ತಂಡಕ್ಕೆ ಸಿಕ್ಕವು. ಇದು ಕಾನೂನಿನ ಕೆಲಸ ಅಲ್ವಾ?

ಕಾನೂನು ದಾರಿ ತಪ್ಪಿದ್ದೂ ಇದೆ. ದಕ್ಷಿಣ ಕೊರಿಯಾದಲ್ಲಿ ಆನ್‌ಲೈನ್ ಬ್ಯಾಂಕಿಂಗ್‌ಗೆ ಸರ್ಕಾರ ಒಪ್ಪಿದ ಡಿಜಿಟಲ್ ಪ್ರಮಾಣಪತ್ರ, ಅಂದರೆ ಗ್ರಾಹಕರ ಗುರುತು ಖಚಿತಪಡಿಸುವ ಫೈಲ್, ಕಡ್ಡಾಯವಾಗಿತ್ತು. ಅದಕ್ಕೆ ಬ್ಯಾಂಕುಗಳು ನೆಚ್ಚಿಕೊಂಡಿದ್ದು ಆ್ಯಕ್ಟಿವ್‌ಎಕ್ಸ್ ಅನ್ನುವ ಮೈಕ್ರೋಸಾಫ್ಟ್ ತಂತ್ರಾಂಶವನ್ನು. ಅದು ನಡೆಯುತ್ತಿದ್ದುದು ವಿಂಡೋಸ್‌ನ ಬ್ರೌಸರ್ ಆದ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ. ಲಿನಕ್ಸ್ ಇದ್ದವರ ಪಾಡು ಯಾರಿಗೂ ಬೇಡ. ಆ ಪ್ರಮಾಣಪತ್ರದ ವಿಶೇಷ ಸ್ಥಾನ ಹೋಗಿದ್ದು 2020ರಲ್ಲಿ. ಅದಕ್ಕೇ ನಾನು ಹೇಳುವುದು, ಇಂಥದ್ದೇ ಸಾಧನ ಬಳಸಿ ಅಂತ ಕಾನೂನು ಹೇಳಬಾರದು. ಫೈಲಿನ ರಚನೆ ಬಚ್ಚಿಡಬೇಡಿ, ಯಂತ್ರಗಳು ಮಾತಾಡಿಕೊಳ್ಳುವ ನಿಯಮ ಬಚ್ಚಿಡಬೇಡಿ ಅನ್ನಬೇಕು. ಅಷ್ಟಾದರೆ ಉಳಿದಿದ್ದನ್ನು ಯಾರಾದರೂ ಬರೆದುಕೊಳ್ಳುತ್ತಾರೆ.

ನನ್ನ ಸಂಕಟ ಇನ್ನೂ ಇದೆ. ನಮ್ಮ ಪತ್ರಿಕೆಯ ಹಳೆಯ ಬರಹಗಳಲ್ಲಿ ಎಷ್ಟೋ ಫೈಲ್‌ಗಳು ಇವತ್ತು ತೆರೆಯುವುದೇ ಇಲ್ಲ. ಬರೆದವರು ಇದ್ದಾರೆ, ಫೈಲ್ ಇದೆ, ಸಾಫ್ಟ್‌ವೇರ್ ಮಾಡಿದ ಕಂಪನಿ ಇಲ್ಲ. ಸಾರ್ವಜನಿಕ ದಾಖಲೆಗಳಿಗೂ ಇದೇ ಗತಿ ಬರಬಹುದು. ರಚನೆ ಎಲ್ಲರಿಗೂ ತೆರೆದಿರುವ ಓಡಿಎಫ್‌ ಎಂಬ ಕಡತ ಮಾದರಿ 2006ರಲ್ಲೇ ಅಂತರರಾಷ್ಟ್ರೀಯ (ಐಎಸ್ಒ) ಮಾನಕವಾಗಿದೆ. ಆದರೂ ಜನರ ದುಡ್ಡಿನಲ್ಲಿ ನಡೆಯುವ ಕಚೇರಿ ಒಂದೇ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಸರಿಯಾಗಿ ತೆರೆಯುವ ಅರ್ಜಿ ಕೊಟ್ಟರೆ, ಬೇರೆ ಸಿಸ್ಟಂ ಇಟ್ಟುಕೊಂಡವರು ಏನು ಮಾಡಬೇಕು? ತೆರಿಗೆ ಕಟ್ಟುವವರಲ್ಲಿ ಅವರೂ ಇದ್ದಾರೆ.

ಕಡೇಪಕ್ಷ ಸರ್ಕಾರಿ ಸೇವೆಗಳಿಗಾದರೂ ಕಾನೂನು ಬೇಕು ಅಂತ ನೀವು ಒಪ್ಪುತ್ತೀರಿ ಅಂದುಕೊಂಡಿದ್ದೇನೆ. ಒಪ್ಪದಿದ್ದರೆ ಇನ್ನೊಂದು ಪತ್ರ ಬರೆಯಿರಿ, ಅದನ್ನೂ ಹಾಕುತ್ತೇನೆ.