‘ಫಾರ್’ ಕೊನೇಲಿ ಬಂದ್ರೆ ತಪ್ಪಾ?

ದಾವಣಗೆರೆಯಿಂದ ಪತ್ರ ಬರೆದಿರೋ ಓದುಗರೊಬ್ಬರು ಈಗಷ್ಟೇ ಕೆಲಸಕ್ಕೆ ಸೇರಿದಾರೆ. ಮೇಲ್‌ನಲ್ಲಿ ‘ದಿಸ್ ಈಸ್ ದಿ ಫೈಲ್ ಐ ವಾಸ್ ವೇಟಿಂಗ್ ಫಾರ್’ ಅಂತ ಬರೆದಿದ್ದಕ್ಕೆ, ಮೀಟಿಂಗ್ ‘ಪ್ರಿಪೋನ್’ ಮಾಡೋಣ, ಅಂದ್ರೆ ಮುಂಚೆಗೆ ತರೋಣ ಅಂದಿದ್ದಕ್ಕೆ, ಮ್ಯಾನೇಜರ್ ಎಲ್ರ ಮುಂದೆ ಓದಿ ನಕ್ಕರಂತೆ. ‘ಗ್ರಾಮರ್ ಬಗ್ಗೆ ಇಷ್ಟು ಸ್ಟ್ರಿಕ್ಟ್ ಆಗಿರೋದು ನಿಜವಾಗ್ಲೂ ಬೇಕಾ ಸರ್?’ ಅಂತ ಕೇಳಿದಾರೆ.

ನಿಮ್ಮ ಪತ್ರ ಓದಿ ಬೇಜಾರಾಯ್ತು, ಸಿಟ್ಟೂ ಬಂತು. ಮೊದಲು ಒಂದು ಹೇಳ್ಬಿಡ್ತೀನಿ, ನೀವು ಬರೆದ ಆ ವಾಕ್ಯದಲ್ಲಿ ಏನೂ ತಪ್ಪಿಲ್ಲ. ವಾಕ್ಯದ ಕೊನೇಲಿ ಪ್ರಿಪೊಸಿಷನ್ (‘ಫಾರ್’, ‘ಇನ್’ ಥರದ ಪದ) ಬರಬಾರದು ಅನ್ನೋ ತಕರಾರು ಇಂಗ್ಲಿಷ್ ಕವಿ ಜಾನ್ ಡ್ರೈಡನ್ ಕಾಲದ್ದು, 1672ರಲ್ಲಿ ಆತ ನಾಟಕಕಾರ ಬೆನ್ ಜಾನ್ಸನ್‌ನ ಬರವಣಿಗೇಲಿ ಅದನ್ನ ದೋಷ ಅಂತ ಎತ್ತಿ ತೋರಿಸಿದ, ಆಮೇಲೆ ತನ್ನ ಹಳೇ ಬರಹದಲ್ಲಿದ್ದ ಅಂಥ ವಾಕ್ಯಗಳನ್ನೂ ಕೂತು ತಿದ್ದಿದ. 1762ರಲ್ಲಿ ಗ್ರಾಮರ್ ಪುಸ್ತಕ ಬರೆದ ರಾಬರ್ಟ್ ಲೌತ್ ಕೂಡ ಇದು ಮಾತಲ್ಲಿ ಸಹಜ, ಗಂಭೀರ ಬರಹಕ್ಕೆ ಅಷ್ಟು ಚೆಂದ ಅಲ್ಲ ಅಂದನೇ ಹೊರತು ಪೂರ್ತಿ ನಿಷೇಧ ಹಾಕಲಿಲ್ಲ. ‘ಪ್ರಿಪೋನ್’ ಅಂತೂ ಆಕ್ಸ್‌ಫರ್ಡ್ ಡಿಕ್ಷನರಿಯಲ್ಲೇ ಇದೆ, ಭಾರತದ ಇಂಗ್ಲಿಷ್ ಪದ ಅಂತ. ಹೊರದೇಶದ ಕ್ಲೈಂಟ್‌ಗೆ ಅದು ಗೊತ್ತಾಗದೇ ಇರಬಹುದು, ಅವರಿಗೆ ಬರೆಯುವಾಗ ಬೇರೆ ಪದ ಹಾಕಿ, ಅಷ್ಟೇ.

ಹಾಗಂತ ಗ್ರಾಮರ್ರೇ ಬೇಡ ಅಂತ ನಾನು ಹೇಳಲ್ಲ. ಅರ್ಥ ಕೆಡೋ ಕಡೆ ನಾನೂ ಸ್ಟ್ರಿಕ್ಟೇ. ಕನ್ನಡದಲ್ಲಿ ‘ಎ’, ‘ದಿ’ ಥರದ್ದು ಇಲ್ವಲ್ಲ, ಅದಕ್ಕೇ ನಮ್ಮ ಕೈಲಿ ಅವು ಬಿಟ್ಟುಹೋಗ್ತಾ ಇರ್ತವೆ. ಎಷ್ಟೋ ಸಲ ನಡೆಯುತ್ತೆ, ಆದ್ರೆ ‘ಐ ಹ್ಯಾವ್ ಎ ಫ್ಯೂ ಡೌಟ್ಸ್’ ಅಂದ್ರೆ ಕೇಳೋದು ಸ್ವಲ್ಪ ಇದೆ ಅಂತ, ‘ಎ’ ಬಿಟ್ಟು ‘ಐ ಹ್ಯಾವ್ ಫ್ಯೂ ಡೌಟ್ಸ್’ ಅಂದ್ರೆ ಡೌಟೇ ಇಲ್ಲ ಅನ್ನೋಷ್ಟು ಕಮ್ಮಿ ಅಂತ! ನೀವು ಉತ್ತರಕ್ಕೆ ಕಾಯ್ತಾ ಇರ್ತೀರಿ, ಆ ಕಡೆಯವರು ಎಲ್ಲಾ ಸರಿಯಾಗಿದೆ ಅಂದ್ಕೊಂಡು ಸುಮ್ಮನಿರ್ತಾರೆ.

ದುಡ್ಡಿನ ವಿಷಯಕ್ಕೆ ಬಂದ್ರೆ ಅಮೆರಿಕದ ಮೇನ್ ರಾಜ್ಯದ ಓಕ್‌ಹರ್ಸ್ಟ್ ಡೇರಿ ಕೇಸ್ ನೋಡಿ. ಓವರ್‌ಟೈಮ್ ಕೊಡಬೇಕಿಲ್ಲದ ಕೆಲಸಗಳ ಪಟ್ಟಿ ಅಲ್ಲಿನ ಕಾನೂನಲ್ಲಿತ್ತು, ಪಟ್ಟಿಯ ಕೊನೇಲಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಅಂತ ಇತ್ತು, ‘ಆರ್’ಗೆ ಮುಂಚೆ ಕಾಮಾ ಇರಲಿಲ್ಲ. ಕಾಮಾ ಇದ್ದಿದ್ರೆ ‘ಡಿಸ್ಟ್ರಿಬ್ಯೂಷನ್’, ಅಂದ್ರೆ ಸಾಗಿಸೋದು, ಪಟ್ಟಿಯಲ್ಲಿ ಬೇರೆ ಕೆಲಸ ಆಗ್ತಿತ್ತು. ಕಾಮಾ ಇಲ್ಲ ಅಂದ್ಮೇಲೆ ಈ ಸಾಲು ಪ್ಯಾಕ್ ಮಾಡೋರಿಗೆ ಮಾತ್ರ, ನಾವು ಹಾಲು ಸಾಗಿಸೋರು, ನಮಗೆ ಓವರ್‌ಟೈಮ್ ಕೊಡಿ ಅಂತ ಡ್ರೈವರ್‌ಗಳು ಕೂತ್ರು. 2017ರಲ್ಲಿ ಅಪೀಲ್ ಕೋರ್ಟ್ ಇಲ್ಲಿ ಅರ್ಥ ಸ್ಪಷ್ಟ ಇಲ್ಲ ಅಂತ ಅವರ ಪರ ನಿಂತಿತು, 2018ರಲ್ಲಿ ಕಂಪನಿ 50 ಲಕ್ಷ ಡಾಲರ್‌ಗೆ ರಾಜಿ ಆಯ್ತು. ಇಂಥ ಕಾಮಾಗೆ ಎಷ್ಟು ತಲೆಕೆಡಿಸಿಕೊಂಡ್ರೂ ತಪ್ಪಿಲ್ಲ.

ನಿಮ್ಮ ಮ್ಯಾನೇಜರ್ ಇದರಲ್ಲಿ ಯಾವುದನ್ನೂ ಹಿಡಿದಿಲ್ಲ. ನಿಜವಾಗ್ಲೂ ತಪ್ಪು ಕಂಡಿದ್ರೂ ಪಕ್ಕಕ್ಕೆ ಕರೆದು ಹೇಳಬಹುದಿತ್ತು, ಹತ್ತು ಜನರ ಮುಂದೆ ನಗೆಪಾಟಲಾದವರು ಆಮೇಲೆ ಮೀಟಿಂಗ್‌ನಲ್ಲಿ ಬಾಯೇ ಬಿಡಲ್ಲ, ನೀವೂ ಈಗ ಹಾಗೇ ಆಗಿದೀನಿ ಅಂತ ಬರೆದಿದೀರಿ, ನನಗೆ ನೋವಾಗಿದ್ದು ಆ ಸಾಲಿಗೆ. ದಯವಿಟ್ಟು ಮಾತಾಡಿ. ಮೇಲ್ ಕಳಿಸೋ ಮುಂಚೆ ‘ಎ’ ಬಿಟ್ಟುಹೋಗಿದ್ಯಾ, ಕಾಮಾ ಎಲ್ಲಿ ಬಂತು ಅಂತ ಒಂದ್ಸಲ ನೋಡ್ಕೊಳ್ಳಿ. ಆ ‘ಫಾರ್’ ಇದ್ದ ಕಡೆನೇ ಇರ್ಲಿ.